ಏರು ಸಾಲಿನಿಂದ ಹಾಡು ಎತ್ತಿ

ಪಲ್ಲವಿ ಮುಗಿಯುವವರೆಗೆ ಎಲ್ಲ ಸರಿಯಾಗಿತ್ತು. ಚರಣ ಬಂತು, ಸ್ವರ ಮೇಲೇರಿತು, ಬೆಂಕಿಯ ಸುತ್ತ ಕೂತಿದ್ದ ಹುಡುಗಿಯರ ದನಿ ಒಂದೊಂದಾಗಿ ಅಡಗಿತು. ಕೊನೆಗೆ ಹಾಡುತ್ತಿದ್ದವರು ಹಾಡು ಎತ್ತಿಕೊಟ್ಟ ಗೈಡ್ ಕ್ಯಾಪ್ಟನ್ ಮತ್ತು ಸಂಗೀತಪಾಠಕ್ಕೆ ಹೋಗುವ ಒಂದಿಬ್ಬರು ಮಾತ್ರ. ಮಿಕ್ಕವರದು ಬರೀ ತುಟಿಯಾಟ. ಈಚೆಗೆ ನಮ್ಮ ದೊಡ್ಡಬಳ್ಳಾಪುರದ ಕಡೆಯ ಒಂದು ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರದಲ್ಲಿ ಇದನ್ನು ಕಂಡು ನನಗೆ ಸಂಕಟವಾಯಿತು. "ಈ ಸಲದ ಮಕ್ಕಳಿಗೆ ಹಾಡೋಕೇ ಬರಲ್ಲ ಬಿಡಿ" ಎಂದು ಆಮೇಲೆ ಯಾರೋ ಅಂದರು. ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಎತ್ತಿಕೊಟ್ಟ ಶ್ರುತಿ ತಪ್ಪು.

ನಮ್ಮಲ್ಲಿ ಬಹುಪಾಲು ಕ್ಯಾಪ್ಟನ್‌ಗಳು ಹಾಡನ್ನು ಅದರ ಮೊದಲ ಸಾಲಿನಿಂದ ಎತ್ತುತ್ತಾರೆ. ಶಿಬಿರಾಗ್ನಿಯಲ್ಲಿ ಹಾಗೆ ಎತ್ತಬಾರದು. ಆ ಹಾಡಿನಲ್ಲಿ ಎಲ್ಲಕ್ಕಿಂತ ಮೇಲೆ ಹೋಗುವ ಸಾಲು ಯಾವುದೋ ಅದನ್ನು ಮೊದಲು ಬಾಯಿ ಮುಚ್ಚಿಕೊಂಡು ಗುನುಗಬೇಕು. ಕತ್ತಿನ ನರ ಬಿಗಿಯದೆ, ಗದ್ದ ಮೇಲೇಳದೆ ಅದು ಬಂದರೆ ಅಲ್ಲಿಂದ ಹಿಂದಕ್ಕೆ ಇಳಿಯುತ್ತಾ ಪಲ್ಲವಿಗೆ ಬರಬೇಕು. ಆಗ ಸಿಕ್ಕ ಶ್ರುತಿಯೇ ಶ್ರುತಿ. ಇಷ್ಟಕ್ಕೆ ಎರಡು ಉಸಿರಿನ ಹೊತ್ತು ಸಾಕು. ಹೀಗೆ ಎತ್ತಿದ ಹಾಡು ಶುರುವಿನಲ್ಲಿ ಸ್ವಲ್ಪ ತಗ್ಗಿದಂತೆ ಕೇಳುತ್ತದೆ, ನಿಜ. "ಡಲ್ ಅನ್ಸುತ್ತೆ ಮಿಸ್, ಜೋಷ್ ಬರಲ್ಲ" ಎಂದು ಹೊಸ ಕ್ಯಾಪ್ಟನ್‌ಗಳು ನನ್ನೊಡನೆ ವಾದಕ್ಕಿಳಿಯುತ್ತಾರೆ. ಜೋಷ್ ಬೇಕಾದದ್ದು ಚರಣದಲ್ಲಿ. ಅಲ್ಲಿಗೆ ಬರುವಾಗ ಇಡೀ ವೃತ್ತದ ಗಂಟಲು ತೆರೆದಿರಬೇಕು. ಪಲ್ಲವಿಯಲ್ಲೇ ಕೂಗಿಸಿಬಿಟ್ಟರೆ ಚರಣಕ್ಕೆ ಉಳಿಯುವುದೇನು?

ಗೈಡ್ ವಯಸ್ಸು ಹತ್ತರಿಂದ ಶುರು. ಹನ್ನೆರಡು, ಹದಿಮೂರರ ಹೊತ್ತಿಗೆ ಹುಡುಗಿಯರ ದನಿಯೂ ಬದಲಾಗುತ್ತದೆ. ಹುಡುಗರ ದನಿಯಂತೆ ಒಡೆದು ಊರಿಗೆಲ್ಲ ಸುದ್ದಿಯಾಗುವುದಿಲ್ಲವಾದ್ದರಿಂದ ಯಾರೂ ಗಮನಿಸುವುದಿಲ್ಲ, ಅಷ್ಟೆ. ದನಿಯಲ್ಲಿ ಗಾಳಿ ಸೋರುತ್ತದೆ, ಮೇಲಿನ ಸ್ವರ ಒಂದು ದಿನ ಸಿಕ್ಕರೆ ಮರುದಿನ ಸಿಗುವುದಿಲ್ಲ. ಹೋದ ವರ್ಷ ಕೋಗಿಲೆ ಅನ್ನಿಸಿಕೊಂಡಿದ್ದ ಹುಡುಗಿ ಈ ವರ್ಷ ಹಿಂದಿನ ಸಾಲಿಗೆ ಸರಿದು ಕೂರುತ್ತಾಳೆ. ಅಂಥವಳ ಮುಂದೆ ಶ್ರುತಿ ಏರಿಸಿ ಹಾಡು ಎತ್ತಿದರೆ 'ನಿನಗೆ ಇಲ್ಲಿ ಜಾಗವಿಲ್ಲ' ಎಂದಂತೆಯೇ. ಆ ವಯಸ್ಸಿನಲ್ಲಿ ಒಮ್ಮೆ ಮುಚ್ಚಿದ ಬಾಯಿ ಎಷ್ಟೋ ಸಲ ಮತ್ತೆ ಹಾಡಿಗೆ ತೆರೆಯುವುದೇ ಇಲ್ಲ. "ನಂಗೆ ಹಾಡೋಕೆ ಬರಲ್ಲಪ್ಪ" ಎನ್ನುವ ನಡುವಯಸ್ಸಿನ ಹೆಂಗಸರನ್ನು ಕಂಡಾಗಲೆಲ್ಲ, ಇವರಿಗೆ ತಪ್ಪು ಶ್ರುತಿ ಕೊಟ್ಟವರು ಯಾರೋ ಎಂದು ಯೋಚಿಸುತ್ತೇನೆ.

ಜಾಗದ ವಿಷಯ ಬೇಗ ಹೇಳಿಬಿಡುತ್ತೇನೆ. ಚಳಿಗಾಲದಲ್ಲಿ ನಮ್ಮ ಕಡೆ ಬೀಸುವುದು ಮೂಡಲ ಗಾಳಿ. ಹಾಡು ಎತ್ತುವವಳು ಪೂರ್ವಕ್ಕೆ ಬೆನ್ನು ಮಾಡಿ ಕೂತರೆ ದನಿಯನ್ನು ಗಾಳಿಯೇ ಹೊತ್ತೊಯ್ಯುತ್ತದೆ. ಪಡುವಲ ಕಡೆ ವೃತ್ತವನ್ನು ಬಾಯಿಬಿಟ್ಟು ಇಡಬೇಕು, ಹೊಗೆ ಹೋಗಲಿ. ಹೊಗೆ ಕುಡಿದ ಗಂಟಲಿಗೆ ಯಾವ ಶ್ರುತಿಯೂ ಒಗ್ಗದು. ಕಟ್ಟಿಗೆಗೂ ಹಾಡಿಗೂ ನಂಟುಂಟು. ನಮ್ಮ ಜಿಲ್ಲೆಯ ತುಂಬ ನೀಲಗಿರಿ ತೋಪುಗಳು. ಹೊಸದಾಗಿ ನೆಡಬಾರದೆಂದು ಸರ್ಕಾರ 2017ರಲ್ಲೇ ತಡೆ ಹಾಕಿದರೂ ಹಳೆಯವು ಇನ್ನೂ ನಿಂತಿವೆ. ಒಣಗಿದ ನೀಲಗಿರಿ ಎಲೆ ಭಗ್ಗನೆ ಹತ್ತಿ ಘಮ್ಮೆನ್ನುತ್ತದೆ. ಆಗ ಚಪ್ಪಾಳೆಯ ಹಾಡು, ಒಟ್ಟಾಗಿ ಕೂಗುವ ಯೆಲ್‌ಗಳು, ಅಭಿನಯ ಗೀತೆ. ಜಾಲಿಯ ದಪ್ಪ ಕೊರಡು ಕೆಂಡವಾಗುವ ಹೊತ್ತಿಗೆ ಸುತ್ತುಹಾಡು: ಒಂದು ಗುಂಪು ಎರಡನೇ ಸಾಲಿಗೆ ಬಂದಾಗ ಇನ್ನೊಂದು ಗುಂಪು ಮೊದಲ ಸಾಲು ಹಿಡಿಯುವ ಹಾಡು. ಅದನ್ನು ಹಾಡುವಾಗ ಪಕ್ಕದ ಗುಂಪಿನ ದನಿ ಕೇಳಬಾರದೆಂದು ಕಿವಿ ಮುಚ್ಚಿಕೊಳ್ಳುವ ಮಕ್ಕಳಿರುತ್ತಾರೆ. ಮುಚ್ಚಲು ಬಿಡಬೇಡಿ. ತಾನೊಂದು ಸಾಲು ಹಾಡುತ್ತಾ ಇನ್ನೊಂದು ಸಾಲನ್ನು ಕೇಳಿಸಿಕೊಳ್ಳುವುದಿದೆಯಲ್ಲ, ಅದಕ್ಕಿಂತ ದೊಡ್ಡ ಸುಖ ನನಗೆ ಶಿಬಿರದಲ್ಲಿ ಬೇರೆ ಸಿಕ್ಕಿಲ್ಲ.

ಈಗ ಸ್ಪೀಕರ್ ಪೆಟ್ಟಿಗೆಯ ಮಾತು. ಕಟ್ಟಿಗೆ ಜೋಡಿಸುವ ಮೊದಲೇ ಅದು ಬಂದು ಕೂತಿರುತ್ತದೆ, ಬಣ್ಣದ ದೀಪ ಮಿನುಗಿಸುತ್ತಾ. ಬೆಂಕಿ ಹಚ್ಚಿ ಎರಡು ಹಾಡು ಮುಗಿಯುವುದರೊಳಗೆ ಯಾರೋ ಮೊಬೈಲಿಗೆ ಅದನ್ನು ಜೋಡಿಸುತ್ತಾರೆ. ವೃತ್ತ ಒಡೆಯುತ್ತದೆ. ಹುಡುಗಿಯರು ಬೆಂಕಿಗೆ ಬೆನ್ನು ಹಾಕಿ ಪೆಟ್ಟಿಗೆಗೆ ಮುಖ ಮಾಡುತ್ತಾರೆ. ಕುಣಿತಕ್ಕೆ ನನ್ನ ತಕರಾರಿಲ್ಲ, ಸಿನಿಮಾ ಹಾಡಿಗಂತೂ ಇಲ್ಲವೇ ಇಲ್ಲ. ಅದನ್ನು ತಮ್ಮ ಬಾಯಿಂದಲೇ ಹಾಡಿ ಕುಣಿಯಲಿ, ನಾನೂ ಕೂಡಿಕೊಳ್ಳುತ್ತೇನೆ. ಪೆಟ್ಟಿಗೆಗೆ ಉಸಿರಿಲ್ಲ. ಹುಡುಗಿಯರು ಉಸಿರೆಳೆದುಕೊಳ್ಳಲೆಂದು ಅದು ಕಾಯುವುದಿಲ್ಲ, ಸಣ್ಣವಳು ಹಿಂದೆ ಬಿದ್ದಳೆಂದು ನಿಧಾನಿಸುವುದಿಲ್ಲ. ಮೊಬೈಲು, ಟೀವಿ, ಸ್ಪೀಕರ್ ಎಲ್ಲ ಮನೆಯಲ್ಲೇ ಇವೆ. ಅದನ್ನೇ ಕೇಳಿಸಲು ಮಕ್ಕಳನ್ನು ಮಕಳಿದುರ್ಗದ ಬುಡದವರೆಗೆ ಕರೆದೊಯ್ಯಬೇಕೆ? ಶಿಬಿರಾಗ್ನಿಗೆ ಅಂಕ ಕೊಡುವವರ ಮೇಲೂ ನನಗೆ ಕೋಪವಿದೆ. ಮಲ್ಲಿಗೆ ತಂಡಕ್ಕೆ ಹತ್ತಕ್ಕೆ ಎಂಟು, ಸಂಪಿಗೆಗೆ ಆರು ಎಂದು ಬರೆದುಕೊಂಡರೆ ಸಂಪಿಗೆಯವರು ಹಾಡುವಾಗ ಮಲ್ಲಿಗೆಯವರು ಯಾಕೆ ಸೊಲ್ಲು ಹಿಡಿಯುತ್ತಾರೆ? ಬಾಯಿ ಬಿಗಿದು ಕೂರುತ್ತಾರೆ. ಜೊತೆಗೆ ಹಾಡುವುದನ್ನು ಕಲಿಸಲೆಂದೇ ಇರುವ ಒಂದೇ ಒಂದು ಗಂಟೆಯನ್ನು ಪಂದ್ಯವಾಗಿಸುವುದು ಅನ್ಯಾಯ.

ಸೊಲ್ಲು ಅಂದೆ. ಸೋಬಾನೆಯಲ್ಲಿ, ಕೋಲಾಟದಲ್ಲಿ ಒಬ್ಬಾಕೆ ಎತ್ತಿಕೊಡುತ್ತಾಳೆ, ಮಿಕ್ಕವರು ಸೊಲ್ಲು ಹಿಡಿಯುತ್ತಾರೆ. ಎತ್ತುವವಳಿಗೆ ಹಾಡು ಪೂರ್ತಿ ಗೊತ್ತಿದ್ದರೆ ಸಾಕು, ಮಿಕ್ಕವರಿಗೆ ಸೊಲ್ಲು ಗೊತ್ತಿದ್ದರೆ ಸಾಕು. ಶಿಬಿರಾಗ್ನಿಗೆ ಬೇಕಾದದ್ದು ಇದೇ ತಾನೆ? ಸ್ಕೌಟ್ ಚಳವಳಿ ಕಟ್ಟಿದ ಬೇಡನ್ ಪೊವೆಲ್, 1920ರ ಲಂಡನ್ ಜಾಂಬೂರಿಗಾಗಿ ಅರ್ಥವಿಲ್ಲದ ಪದಗಳ 'ಗಿಂಗ್ ಗ್ಯಾಂಗ್ ಗೂಲಿ' ಹಾಡು ಕಟ್ಟಿದರೆಂದು ಪ್ರತೀತಿ. ಯಾವ ದೇಶದವರಿಗೂ ಹೆಚ್ಚುಕಡಿಮೆಯಾಗದಂತೆ ಎಲ್ಲರೂ ಹಾಡಲಿ ಎಂಬ ಉಪಾಯವಂತೆ. ಒಳ್ಳೆಯ ಉಪಾಯವೇ. ಆದರೆ ಅರ್ಥದ ಹಂಗಿಲ್ಲದ ತಂದಾನ ನಮ್ಮ ಅಜ್ಜಿಯಂದಿರ ಬಾಯಲ್ಲಿ ಅದಕ್ಕೂ ಮೊದಲಿನಿಂದ ಇದೆ. ಆ ಹಾಡನ್ನು ಗಟ್ಟಿಮಾಡಿಸುವ ನಾವು ತಂದಾನವನ್ನು ಯಾಕೆ ಮರೆಯುತ್ತೇವೆ?

ಇದು ನಾನೊಬ್ಬಳೇ ಹೊಸದಾಗಿ ಹೇಳುತ್ತಿರುವ ಮಾತಲ್ಲ. ಭಾರತದ ಮೊದಲ ಸ್ಕೌಟ್ ದಳ ಹುಟ್ಟಿದ್ದು ಬೆಂಗಳೂರಿನಲ್ಲಿ, 1909ರಲ್ಲಿ. ಮೊದಲ ಗೈಡ್ ಕಂಪನಿ 1911ರಲ್ಲಿ ಜಬಲ್ಪುರದಲ್ಲಿ. ಆಗ ಅದು ಇಲ್ಲಿದ್ದ ಇಂಗ್ಲಿಷರ ಮಕ್ಕಳ ಪಾಲಿನದು. ಭಾರತೀಯ ಮಕ್ಕಳಿಗೂ ಬೇಕೆಂದು ಆನಿ ಬೆಸೆಂಟರು 1916ರಲ್ಲಿ ಮದರಾಸಿನಲ್ಲಿ ಬೇರೆಯೇ ಸಂಘ ಕಟ್ಟಿದರು. ಅಲ್ಲಿಯ ಹುಡುಗರು ತಲೆಗೆ ರುಮಾಲು ಸುತ್ತಿ, ಭಾರತದ ಹಾಡುಗಳನ್ನೇ ಹಾಡುತ್ತಿದ್ದರು. ದೊಡ್ಡಬಳ್ಳಾಪುರದ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರಕ್ಕೆ ಇರುವುದು ಆಕೆಯದೇ ಹೆಸರು. ಆ ಹೆಸರಿನ ಕೇಂದ್ರವಿರುವ ಊರಿನಲ್ಲಿದ್ದುಕೊಂಡು ಊರಿನ ಹಾಡನ್ನು ಬಿಡುವುದು ನನಗೆ ಆಗುವ ಮಾತಲ್ಲ.

ಹಾಡುಗಳಿಗೆ ಬರವೂ ಇಲ್ಲ. ಮಗ್ಗದ ಲಟಪಟ ಕೇಳುತ್ತಲೇ ಬೆಳೆದ ನಮ್ಮ ನೇಕಾರರ ಮನೆಯ ಹುಡುಗಿಯರಿಗೆ ತಾಳ ಹೇಳಿಕೊಡಬೇಕಿಲ್ಲ. ನೆಲಮಂಗಲದ ಕಡೆಯವರು ತರುವ ಕೋಲಾಟದ ಪದದ ನಡೆಯೇ ಬೇರೆ. ಹೊಸಕೋಟೆಯ ಹುಡುಗಿಯರದು ಕೋಲಾರದ ಸೀಮೆಗೆ ಅಂಟಿಕೊಂಡ ಊರುಗಳು. ಅವರಲ್ಲಿ ಎಷ್ಟೋ ಜನರ ಮನೆಮಾತು ತೆಲುಗು, ಪದಗಳೂ ಎರಡು ಭಾಷೆಯಲ್ಲಿ. ದೇವನಹಳ್ಳಿಯಲ್ಲಿ ಶಿಬಿರವಾದರೆ ಹಾಡಿನ ನಡುವೆ ತಲೆಯ ಮೇಲೆ ವಿಮಾನ ಹಾದುಹೋಗುತ್ತದೆ. ಅದು ದಾಟುವವರೆಗೆ ಸೊಲ್ಲನ್ನೇ ಮತ್ತೆ ಮತ್ತೆ ಹಾಡಿಸುತ್ತಾ ಇದ್ದು, ಸದ್ದು ಕರಗಿದ ಮೇಲೆ ಮುಂದಿನ ನುಡಿ ಎತ್ತಿದರಾಯಿತು. ಪೆಟ್ಟಿಗೆಗೆ ಈ ಜಾಣತನ ಎಲ್ಲಿಂದ ಬರಬೇಕು?

ಮುಂದಿನ ಶಿಬಿರಕ್ಕೆ ತಟ್ಟೆ, ಲೋಟ, ಹಗ್ಗ, ಟಾರ್ಚ್ ತರಬೇಕೆಂಬ ಪಟ್ಟಿಯ ಕೊನೆಗೆ ಇನ್ನೊಂದನ್ನು ಸೇರಿಸಿದ್ದೇನೆ: ಮನೆಯ ಅಜ್ಜಿಯಿಂದಲೋ ದೊಡ್ಡಮ್ಮನಿಂದಲೋ ಕಲಿತ ಒಂದು ಪದ. ನೋಟ್‌ಬುಕ್ಕಿನಲ್ಲಿ ಬರೆದು ತರುವಂತಿಲ್ಲ, ಬಾಯಲ್ಲೇ ತರಬೇಕು. ಹೊಸಕೋಟೆ ಕಡೆಯ ಹುಡುಗಿಯೊಬ್ಬಳು ಆಗಲೇ ಕೇಳಿದಳು: "ನಮ್ಮವ್ವಂಗೆ ಬರೋದೆಲ್ಲ ತೆಲುಗು ಪದ ಮಿಸ್, ತರಬಹುದಾ?"

"ತಗೊಂಬಾ. ಸೊಲ್ಲು ಮಾತ್ರ ಎಲ್ಲರ ಬಾಯಿಗೂ ಹತ್ತೋ ಹಂಗಿರಲಿ. ಏರು ಸಾಲು ಯಾವುದು ಅಂತ ಅವ್ವನ್ನೇ ಕೇಳ್ಕೊಂಡು ಬಾ."