ಮಾವನವರ ಕಂಟ್ರೋಲ್ ಕೀಲಿ

ಮನುಷ್ಯನ ನೆನಪೆಲ್ಲ ತಲೆಯಲ್ಲಿಯೇ ಇರುತ್ತದೆಂದು ನಂಬಿದವರು ನನ್ನ ಸೋದರಮಾವನವರನ್ನು ನೋಡಿಲ್ಲ. ಮೈಸೂರಿನ ವಕೀಲರೊಬ್ಬರ ಕಚೇರಿಯಲ್ಲಿ ಇಪ್ಪತ್ತು ವರ್ಷ ಬೆರಳಚ್ಚು ಮಾಡಿ ನಿವೃತ್ತರಾದ ಅವರಿಗೆ ಈಗ ಎಪ್ಪತ್ತೆಂಟು. ಕನ್ನಡಕವನ್ನೆಲ್ಲಿಟ್ಟರೆಂಬುದು ದಿನವೂ ಮರೆತುಹೋಗುತ್ತದೆ. ಆದರೆ ವರ್ಡ್‌ಸ್ಟಾರ್ ಎಂಬ ಹಳೆಯ ಬರವಣಿಗೆಯ ತಂತ್ರಾಂಶದ ಒಂದು ಆಜ್ಞೆಯನ್ನೂ ಅವರ ಬೆರಳುಗಳು ಮರೆತಿಲ್ಲ.

ಇದರಿಂದೇನು ಪ್ರಯೋಜನವೆನ್ನುವಿರಾ? ಗ್ಲಾಕೋಮಾದಿಂದ ಅವರ ದೃಷ್ಟಿ ಅಂಚುಗಳಿಂದ ಒಳಕ್ಕೆ ಕಿರಿದಾಗುತ್ತ ಬಂದಿದೆ. ಕಡಲಾಚೆ ಬೆಳೆದ ಮೊಮ್ಮಗಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಕನ್ನಡದ ಮೇಷ್ಟರಾದ ನನಗೆ ಇದು ನುಂಗಲಾರದ ತುತ್ತಾದರೂ ಪತ್ರ ಇಂಗ್ಲಿಷಿನಲ್ಲಿಯೇ ಹೋಗಬೇಕು. ಹೊಸ ತಂತ್ರಾಂಶದಲ್ಲಿ ಬರೆಯಹೋಗಿ ಮಾವ ಸೋತರು. “ಈ ಇಲಿ ಯಾವ ಮೂಲೆಗೆ ಓಡಿತೋ ಎಂದು ಹುಡುಕುವುದರಲ್ಲಿ ವಾಕ್ಯವೇ ಮರೆತುಹೋಗುತ್ತದಯ್ಯಾ,” ಎಂದರು. ನಾಲ್ಕು ತಿಂಗಳು ಪತ್ರ ನಿಂತುಹೋಯಿತು.

ವರ್ಡ್‌ಸ್ಟಾರಿನಲ್ಲಿ ಇಲಿಯ ಕಾಟವಿಲ್ಲ. ಅದು ಹೊರಬಂದದ್ದು 1978ರಲ್ಲಿ. ಬರೆದವರು ರಾಬ್ ಬಾರ್ನಬಿ. ಆ ಕಾಲದ ಎಷ್ಟೋ ಕೀಲಿಮಣೆಗಳಲ್ಲಿ ಬಾಣದ ಕೀಲಿಗಳೇ ಇರಲಿಲ್ಲ. ಆದುದರಿಂದ ಕಂಟ್ರೋಲ್ ಹಿಡಿದು ಇ ಒತ್ತಿದರೆ ಮೇಲಕ್ಕೆ, ಎಕ್ಸ್ ಒತ್ತಿದರೆ ಕೆಳಕ್ಕೆ, ಎಸ್ ಎಡಕ್ಕೆ, ಡಿ ಬಲಕ್ಕೆ: ಎಡಗೈಯ ಕೆಳಗೇ ಒಂದು ವಜ್ರಾಕೃತಿ. ಕೈ ಕದಲಬೇಕಿಲ್ಲ, ಕಣ್ಣು ಅಲೆಯಬೇಕಿಲ್ಲ. ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ತಾವು ಇದರ ನಾಲ್ಕನೆಯ ಆವೃತ್ತಿಯಲ್ಲಿಯೇ ಬರೆಯುವುದಾಗಿ 2014ರಲ್ಲಿ ಹೇಳಿದ್ದರು. ಮಾವನವರದೂ ಅದೇ ಆವೃತ್ತಿ. ಈ ಸುದ್ದಿ ತಿಳಿಸಿದಾಗ ಅವರ ಮುಖದಲ್ಲಿ ಮೂಡಿದ ಗತ್ತನ್ನು ನೋಡಬೇಕಿತ್ತು!

ಇಂದಿನ ಕಂಪ್ಯೂಟರಿನಲ್ಲಿ ಅದು ತಾನಾಗಿ ನಡೆಯದು. ಅದಕ್ಕೆ ಎಮ್ಯುಲೇಟರ್ ಬೇಕು. ಎಂದರೆ, ಹೊಸ ಯಂತ್ರದೊಳಗೆ ಹಳೆಯ ಯಂತ್ರದ ವೇಷ ಕಟ್ಟಿ ನಿಲ್ಲುವ ತಂತ್ರಾಂಶ. 2002ರಲ್ಲಿ ಹುಟ್ಟಿದ ಡಾಸ್‌ಬಾಕ್ಸ್ ಅಂಥದೊಂದು. ಅದನ್ನು ಹೂಡಿಕೊಟ್ಟೆ. ಮಾವ ಕುಳಿತರು, ಒತ್ತಿದರು; ದೊಡ್ಡಕ್ಷರಗಳ ಸಾಲೇ ಬಂದಿತು. 1981ರ ಐಬಿಎಂ ಪಿಸಿಯಲ್ಲಿ ಕಂಟ್ರೋಲ್ ಕೀಲಿ ಎ ಅಕ್ಷರದ ಎಡಕ್ಕಿತ್ತು. ಆ ದಶಕದ ಉತ್ತರಾರ್ಧದ ಹೊಸ ಕೀಲಿಮಣೆ ಅದನ್ನು ಕೆಳಮೂಲೆಗೆ ತಳ್ಳಿ, ಆ ಜಾಗವನ್ನು ಕ್ಯಾಪ್ಸ್ ಲಾಕಿಗೆ ಕೊಟ್ಟಿತು. ಮಾವ ಬೆರಳಚ್ಚು ಕಲಿತದ್ದು ಹಳೆಯ ಮಣೆಯ ಮೇಲೆ. ಈ ವಯಸ್ಸಿನಲ್ಲಿ ಬೆರಳಿಗೆ ಹೊಸ ವಿಳಾಸ ಹೇಳಿಕೊಡುವುದು ನ್ಯಾಯವೆ?

ಡಾಸ್‌ಬಾಕ್ಸಿನಲ್ಲಿ ಕಂಟ್ರೋಲ್ ಮತ್ತು ಎಫ್ 1 ಒತ್ತಿದರೆ ಪರದೆಯ ಮೇಲೆ ಕೀಲಿಮಣೆಯ ಚಿತ್ರವೊಂದು ಮೂಡುತ್ತದೆ. ಚಿತ್ರದಲ್ಲಿ ಎಡಗಡೆಯ ಕಂಟ್ರೋಲನ್ನು ಆರಿಸಿ, ‘ಆ್ಯಡ್’ ಎಂಬುದನ್ನು ಕ್ಲಿಕ್ ಮಾಡಿ, ಬಳಿಕ ನಿಜವಾದ ಕ್ಯಾಪ್ಸ್ ಲಾಕನ್ನು ಒತ್ತಿದೆ. ಕ್ಯಾಪ್ಸ್ ಲಾಕಿನ ಹಳೆಯ ಅರ್ಥವನ್ನು ‘ಡೆಲ್’ನಿಂದ ತೆಗೆದೆ, ‘ಸೇವ್’ ಮಾಡಿದೆ. ಅಷ್ಟೇ. ನಲವತ್ತು ವರ್ಷದ ಹಿಂದಿನ ಕೀಲಿ ತನ್ನ ಸ್ವಸ್ಥಾನಕ್ಕೆ ಮರಳಿತು.

ನಿಜವಾದ ಗಂಡಾಂತರ ಬೇರೆಯಿತ್ತು. ಮಾವ ಕಚೇರಿಯ ದಿನಗಳಲ್ಲಿಯೇ, ಬರೆದುದನ್ನು ಉಳಿಸುವ ಆಜ್ಞೆಯನ್ನು ಕಂಟ್ರೋಲ್ ಮತ್ತು ಎಫ್ 9ಕ್ಕೆ ಹೊಂದಿಸಿಕೊಂಡಿದ್ದರು. ವರ್ಡ್‌ಸ್ಟಾರ್ ಅದಕ್ಕೆ ಅವಕಾಶ ಕೊಡುತ್ತಿತ್ತು. ಡಾಸ್‌ಬಾಕ್ಸಿನಲ್ಲಾದರೋ ಅದೇ ಜೋಡಿಗೆ, ಒಂದು ಮಾತೂ ಕೇಳದೆ ಎಲ್ಲವನ್ನೂ ಮುಚ್ಚಿಬಿಡು ಎಂದರ್ಥ! ಒಂದೇ ಪದ ಎರಡರ್ಥ ಕೊಟ್ಟರೆ ಆಲಂಕಾರಿಕರು ಶ್ಲೇಷವೆಂದು ತಲೆದೂಗುತ್ತಾರೆ. ಆದರೆ ‘ಉಳಿಸು’ ಎಂದವರ ಪತ್ರವನ್ನು ಅಳಿಸಿಹಾಕುವ ಶ್ಲೇಷಕ್ಕೆ ಯಾರು ತಲೆದೂಗಿಯಾರು? (ಡಾಸ್‌ಬಾಕ್ಸಿನಲ್ಲಿ ಟರ್ಬೊ ಸಿ ಕಲಿತ ನಮ್ಮ ವಿದ್ಯಾರ್ಥಿಗಳಿಗೆ ಈ ಸಂಕಟ ಗೊತ್ತು, ಅಲ್ಲಿ ಇದೇ ಜೋಡಿಗೆ ‘ಓಡಿಸು’ ಎಂದರ್ಥ.) ಹೊಸದಾಗಿ ಹೊಂದಿಸಿದ ಕಂಟ್ರೋಲಿನಿಂದ ಒತ್ತಿದರೆ ಭಯವಿಲ್ಲ, ಡಾಸ್‌ಬಾಕ್ಸ್ ತನ್ನ ಸ್ವಂತ ಆಜ್ಞೆಗಳಿಗೆ ಕೆಳಮೂಲೆಯ ಕೀಲಿಯನ್ನೇ ಕಾಯುತ್ತದೆ. ಆದರೆ ಕಾಣದ ಕಣ್ಣಿನವರ ಕೈ ಅಲ್ಲಿಗೂ ಜಾರಬಹುದಷ್ಟೆ. ಕೈಪಿಡಿಯಲ್ಲಿ ಇದನ್ನು ಮೊದಲೇ ಓದಿದ್ದ ನಾನು, ಮುಚ್ಚುವ ಆ ಏರ್ಪಾಟನ್ನೇ ಚಿತ್ರದಲ್ಲಿ ಹುಡುಕಿ ತೆಗೆದುಹಾಕಿದೆ.

“ಕ್ಯಾಪ್ಸ್ ಲಾಕ್ ಹೋಯಿತಲ್ಲಯ್ಯಾ, ದೊಡ್ಡಕ್ಷರಕ್ಕೇನು ಗತಿ?” ಎಂದರು ಮಾವ.

“ಷಿಫ್ಟ್ ಇದೆಯಲ್ಲ ಮಾವ.”

“ಅದೂ ಸರಿಯೇ. ಕೂಗಾಡುವ ವಯಸ್ಸಲ್ಲ ನನ್ನದು.”

ಈ ಆವೃತ್ತಿ ಪದಗಳ ಕೊನೆಯ ಅಕ್ಷರಕ್ಕೆ ತನ್ನದೊಂದು ಗುರುತನ್ನು ಸೇರಿಸಿಡುವುದರಿಂದ, ಪತ್ರವನ್ನು ಹಾಗೆಯೇ ಕಳುಹಿಸಿದರೆ ಮೊಮ್ಮಗಳಿಗೆ ವಿಚಿತ್ರ ಚಿಹ್ನೆಗಳು ಕಂಡಾವು. ಆದುದರಿಂದ ಭಾನುವಾರಗಳಂದು ಅದನ್ನು ಶುದ್ಧಗೊಳಿಸಿ ರವಾನಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಳೆದ ವಾರದ ಪತ್ರ ಮೂರು ಪುಟವಿತ್ತು. ಅದರಲ್ಲಿ ಅರ್ಧ ಪುಟ, ನಾನು ಕಾಫಿಗೆ ಸಕ್ಕರೆ ಕಡಿಮೆ ಹಾಕಿಸುತ್ತೇನೆಂಬ ದೂರು.