ಏಷ್ಯನ್ ಫಾರೆಸ್ಟ್ ಮುಳುಗಿದ ಮಳಿಗಾಲ

ಸೀತನಿ ಸುಡೂತನಕ ಒಂದು ಮಾತ ಹೇಳ್ತೀನಿ, ಕೇಳ್ರಪಾ. 2009ರ ಮಳಿಗಾಲ. ನಾ ಆಗ ಹೊಸಪ್ಯಾಟಿ ಕಡಿಂದ ಕಬ್ಬಿಣದ ಅದಿರಿನ ಪುಡಿ ಹೇರಿಕೊಂಡು, ಶಿರಾಡಿ ಘಾಟ್ ಇಳದು, ಮಂಗಳೂರಿನ ಪಣಂಬೂರು ಬಂದರಕ್ಕ ಲಾರಿ ಹೊಡೀತಿದ್ದೆ. ಮರೋಳದಾಗ ಹುಟ್ಟಿದವಗ ಹಡಗು ಅಂದ್ರ ಏನ ಗೊತ್ತು?

ಜುಲೈದಾಗ ಏಷ್ಯನ್ ಫಾರೆಸ್ಟ್ ಅನ್ನೂ ಹಡಗು 13,000 ಟನ್ನಿಗೂ ಮಿಕ್ಕಿ ಅದಿರು ತುಂಬಿಕೊಂಡು ಚೀನಾಕ್ಕ ಹೊಂಟಿತು. ಭಾಳ ದೂರ ಹೋಗಿರಲಿಲ್ಲ, ಒಂದ ಮಗ್ಗಲಕ್ಕ ವಾಲಿತು.

ಚಾದಂಗಡಿಯಾಗ ಹಡಗಿನ್ಯಾಗ ದುಡದು ಬಂದ ಹಿರ‍್ಯಾ ಒಬ್ಬಾಂವ ತಿಳಿಸಿ ಹೇಳಿದ. ಕೂಡಲಸಂಗಮದ ಹೊಳಿದಂಡ್ಯಾಗ ಹಸಿ ಉಸುಕ ತುಳದ್ರ ನೀರು ಮ್ಯಾಲ ಬರ್ತೈತಲ್ಲ, ಹಸಿ ಅದಿರೂ ಹಂಗ. ಎಂಜಿನ್ ನಡುಗಿ, ತೆರಿ ಬಡದು, ಪುಡಿ ರಾಡಿ ಆಕ್ಕೈತಿ. ರಾಡಿ ಒಂದ ಕಡಿ ಸರೀತಂದ್ರ ಹಡಗು ತಿರುಗಿ ಏಳಂಗಿಲ್ಲ.

ಅಂಥಾ ಹೊತ್ತಿನ್ಯಾಗ ಕ್ಯಾಪ್ಟನ್ ಮಾಡೂದು ಇಷ್ಟಂತ: ಏಳು ಸಣ್ಣ ಸೀಟಿ, ಒಂದು ಉದ್ದಂದು ಊದಿ ಎಲ್ಲಾರನ್ನೂ ಎಬ್ಬಿಸಬೇಕು. ರೇಡಿಯೋದಾಗ 'ಮೇಡೇ' ಅಂತ ಕೂಗಿ, ಹಡಗು ಎಲ್ಲೈತಿ ಅನ್ನೂದು ಹೇಳಬೇಕು. ತಲಿ ಎಣಿಸಬೇಕು. ಆಮ್ಯಾಲ, ಕೋಟಿಗಟ್ಟಲೆ ಮಾಲು ಕಣ್ಣಮುಂದ ಇದ್ರೂ, 'ಬಿಡ್ರಿ ಹಡಗು' ಅನ್ನೂ ಮಾತು ಹೊತ್ತ ಮೀರೂದ್ರಾಗ ಆಡಬೇಕು. ಅಂದು ಏಷ್ಯನ್ ಫಾರೆಸ್ಟ್ ಹೋತು, 18 ಮಂದಿಯೂ ಉಳದ್ರು. ಕೋಸ್ಟ್‌ಗಾರ್ಡ್‌ನವ್ರು ಕರಕೊಂಡ ಬಂದ್ರು.

"ಕ್ಯಾಪ್ಟನ್ ಹಡಗಿನ ಸಂಗಾಟನ ಮುಳುಗಬೇಕಂತಲ್ಲ ಕಾಕಾ?" ಅಂತೀರಿ. 1971ರ ಡಿಸೆಂಬರ್ 9ಕ್ಕ ದಿಯು ಹತ್ರ ನೌಕಾಪಡಿ ಹಡಗು ಐಎನ್‌ಎಸ್ ಖುಕ್ರಿ ಮುಳುಗಿದಾಗ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಮಂದೀನ ದಾಟಿಸ್ತ ದಾಟಿಸ್ತ ತಾವು ಹಡಗಿನ್ಯಾಗ ಉಳದುಬಿಟ್ರು. ಅಂದು 18 ಅಧಿಕಾರಿಗಳು, 176 ನಾವಿಕರು ಹೋದ್ರು. ದೊಡ್ಡ ಜೀವ ಅದು. ಆದ್ರ ಸಾಯಬೇಕಂತ ಯಾವ ಕಾಯ್ದೇನೂ ಹೇಳಂಗಿಲ್ಲ. ಕಡೇ ಮನಷ್ಯಾನ ಲೆಕ್ಕ ಸಿಗೂತನಕ ಕ್ಯಾಪ್ಟನ್ ಜವಾಬ್ದಾರಿ ಬಿಡಬಾರದು, ಅಷ್ಟ.

ಅದ 2009ರ ಸಪ್ಟೆಂಬರ್‌ದಾಗ ಒಡಿಶಾದ ಪಾರಾದೀಪ ಹತ್ರ ಬ್ಲ್ಯಾಕ್ ರೋಸ್ ಅನ್ನೂ ಅದಿರಿನ ಹಡಗೂ ಮುಳುಗಿತು. 2011ರಿಂದ ಅದಿರಿನ ಹಸಿ ಎಷ್ಟೈತಿ ಅನ್ನೂ ಕಾಗದ ಜಗತ್ತಿನ್ಯಾಗ ಕಡ್ಡಾಯ ಆತು. ಕಾಗದ ಸರಿ ಇಲ್ಲಂದ್ರ 'ಹೇರಬ್ಯಾಡ್ರಿ' ಅನ್ನಬೇಕು ಕ್ಯಾಪ್ಟನ್. ಹಡಗು ನಿಂತ್ರ ದಿನದ ಬಾಡಿಗಿ ಹೋಕ್ಕೈತಿ, ಮಾಲಕ ಬೈತಾನ. ಆ ಬೈಗಳ ತಿನ್ನಾಕ ಅಂಜಿದಾಂವ ಸಮುದ್ರದಾಗ ಯಾರನ್ನ ಉಳಿಸ್ತಾನ?