ಅಂಗಳದ ಹಾವಸೆ, ತೋಟದ ಕೊಳೆ

ಆಷಾಢದಲ್ಲಿ ಹೊನ್ನಾವರದ ಕಡೆ ಹೋದವರು ಊರು ನೋಡುವ ಮೊದಲು ನೆಲ ನೋಡಬೇಕು. ಈ ಸಲವೂ ಮಾವನ ಮನೆ ಅಂಗಳಕ್ಕೆ ಕಾಲಿಟ್ಟವನೇ ಹಾವಸೆಯ ಮೇಲೆ ಜಾರಿ ಕೂತೆ. “ಬಂದ್ಯನ ತಮಾ” ಎಂದನೇ ಹೊರತು ಮಾವ ಎಬ್ಬಿಸಲು ಬರಲಿಲ್ಲ. ಅವನ ಎರಡೂ ಕೈ ಮೊಣಕೈವರೆಗೆ ನೀಲಿ.

ಮೈಲುತುತ್ತದ ಕಾಲ. 100 ಲೀಟರ್ ನೀರಿಗೆ 1 ಕಿಲೋ ತುತ್ತ, 1 ಕಿಲೋ ಸುಣ್ಣ. ಅಡಕೆ ತೋಟವಿದ್ದವರಿಗೆ ಇದು ಮಗ್ಗಿಯಷ್ಟೇ ಬಾಯಿಪಾಠ. ಮಾವನಿಗೆ ಮಾತ್ರ ಲೆಕ್ಕಕ್ಕಿಂತ ಕತ್ತಿಯ ಮೇಲೆ ನಂಬಿಕೆ. ಹಳೇ ಕತ್ತಿಯನ್ನು ಬ್ಯಾರಲ್ಲಿಗೆ ಅದ್ದಿ, ಬೆಳಕಿಗೆ ಹಿಡಿದು, ಅಲಗಿಗೆ ತಾಮ್ರದ ಕೆಂಪು ಕೂತಿದೆಯೇ ಎಂದು ನೋಡುತ್ತಾನೆ. ಕೂತಿದ್ದರೆ ಸುಣ್ಣ ಸಾಲದು. ಅತ್ತೆಯ ಸಾರನ್ನು ಅವನು ಇಷ್ಟು ಭಕ್ತಿಯಿಂದ ಪರೀಕ್ಷಿಸಿದ್ದು ನಾನು ಕಂಡಿಲ್ಲ.

ಈ ಮದ್ದು ಹುಟ್ಟಿದ್ದೇ ಕಳ್ಳರ ದೆಸೆಯಿಂದ. ಫ್ರಾನ್ಸಿನ ಬೋರ್ಡೋದಲ್ಲಿ ದಾರಿಬದಿಯ ದ್ರಾಕ್ಷಿಗೆ ಯಾರೂ ಕೈಹಾಕದಿರಲೆಂದು ತುತ್ತ-ಸುಣ್ಣ ಬಳಿಯುತ್ತಿದ್ದರಂತೆ. ಬಳಿದ ಬಳ್ಳಿಗೆ ರೋಗವಿಲ್ಲದ್ದನ್ನು ಮಿಯಾರ್ಡೆ ಎಂಬ ಸಸ್ಯಶಾಸ್ತ್ರಿ ಗಮನಿಸಿ 1885ರಲ್ಲಿ ಪ್ರಕಟಿಸಿದ. ಅದನ್ನು ನಮ್ಮ ಅಡಕೆಕೊನೆಗೆ ಹತ್ತಿಸಿದ್ದು 1908ರಲ್ಲಿ ಮೈಸೂರಿಗೆ ಬಂದ ಕೆನಡಾದ ಕೋಲ್‌ಮನ್. ನಾವಾಗ ಮುಂಬಯಿ ಪ್ರಾಂತದವರು. ಆದರೆ ಕೊಳೆರೋಗಕ್ಕೆ ಗಡಿ ಎಲ್ಲಿಯದು?

ಕಾಲೇಜಿನಲ್ಲಿ ಅರ್ಧಂಬರ್ಧ ಕಲಿತದ್ದನ್ನು ಒದರುವ ಚಪಲ ನನಗೆ. ಮರದ ಮೈಮೇಲಿನ ಬಿಳಿ ಚಕ್ಕೆ ತೋರಿಸಿ, “ಇದು ಕಲ್ಲುಹೂವಿನ ಬಳಗ. ಶಿಲೀಂಧ್ರ, ಪಾಚಿ ಎರಡೂ ಒಂದೇ ಒಲೆಯ ಸಂಸಾರ. ಮರಕ್ಕೇನೂ ತೊಂದರೆಯಿಲ್ಲ” ಎಂದೆ. ಮಾವ ಹೂಂಗುಟ್ಟಿದ. ಹುರುಪು ಬಂತು. “ಕೊಳೆ ತರುವ ಫೈಟಾಫ್ತೊರಾ ಮಾತ್ರ ಶಿಲೀಂಧ್ರವೇ ಅಲ್ಲ. ಅದರ ಬೀಜಕಣಕ್ಕೆ ಎರಡು ಬಾಲ, ಮಳೆನೀರಲ್ಲಿ ಈಜಿ ಕಾಯಿಗೆ ಹತ್ತುತ್ತದೆ. ಗೋಕರ್ಣದ ಬಂಡೆಗೆ ಅಂಟಿರುವ ಕಂದು ಪಾಚಿಗೆ ದೂರದ ದಾಯಾದಿ!”

ಮಾವ ಕತ್ತಿ ಒರೆಸಿದ. “ದಾಯಾದಿ ಅಂದ್ಮೇಲೆ ತೋಟಕ್ಕೆ ಬರ್ದೇ ಇರ್ತನ?”

ಮೊದಲೆಲ್ಲ ಕೊನೆಗೌಡ ಮರವೇರಿ ಕೊನೆಕೊನೆಗೂ ಕೊಟ್ಟೆ ಕಟ್ಟುತ್ತಿದ್ದ; ಮಳೆಗಾಲ ಪೂರ್ತಿ ಕೊನೆಗಳೆಲ್ಲ ಗೊರಬು ಹೊದ್ದಂತಿರುತ್ತಿದ್ದವು. ಈಗ ಕಟ್ಟುವವರೂ ಇಲ್ಲ, ಹತ್ತುವವರೂ ಇಲ್ಲ. ನೆಲದಲ್ಲೇ ನಿಂತು ಫೈಬರ್ ದೋಟಿಯಲ್ಲಿ ಮದ್ದು ಹೊಡೆಯುತ್ತಾರೆ. ಆದರೆ ಅದಕ್ಕೂ ಮಳೆ ಒಂದು ಹೊತ್ತಾದರೂ ಹೊಳವಾಗಬೇಕಲ್ಲ.

ಮೂರು ದಿನವಾದರೂ ಬ್ಯಾರಲ್ಲಿನ ಮುಚ್ಚಳ ತೆಗೆಯಲಾಗಲಿಲ್ಲ. ರಾತ್ರಿ ಮಲಗಿದರೆ ತೋಟದಿಂದ ಟಪ್, ಟಪ್. ಹನಿಯೋ ಅಡಕೆಯೋ ನನಗೆ ತಿಳಿಯುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಮಾವ ಎಣಿಸುತ್ತಿದ್ದ.